ಅಮ್ಮನ ಪರವಾಗಿ ಮಾತಾಡುವ ವಕೀಲರು ಬೇಕು, ನನ್ನ ಪರವಾಗಿ ಅಲ್ಲ

ವಿಜಯನಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಅಮ್ಮನಿಗೆ 74 ವರ್ಷ. ಪೋಸ್ಟಾಫೀಸಿನ ಕೌಂಟರಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯಿತು. ಹನುಮಂತನಗರದಲ್ಲಿ 30-40 ಸೈಟಿನ ಮನೆ. ಕೆಳಗೆ ಅಮ್ಮ, ಮೇಲೆ ಬಾಡಿಗೆಯವರು. ಮನೆ ಅಮ್ಮನ ಹೆಸರಿನಲ್ಲೇ ಇದೆ, ಅದರ ಸಾಲ ತೀರಿಸಿದವರೂ ಅವರೇ. ಎರಡು ವರ್ಷದ ಹಿಂದೆ ಅಲ್ಜೈಮರ್ಸ್ ಶುರುವಾಗಿದೆ ಎಂದು ಡಾಕ್ಟರು ಹೇಳಿದರು.

ಎಲ್ಲವೂ ಮರೆತುಹೋಗಿದೆ ಅಂತಲ್ಲ. ಬೆಳಿಗ್ಗೆ ಹೊತ್ತು ಚೆನ್ನಾಗಿಯೇ ಮಾತಾಡುತ್ತಾರೆ. ನೋಟಿನ ಕಟ್ಟು ಕೈಗೆ ಕೊಟ್ಟರೆ ಇವತ್ತಿಗೂ ಲೆಕ್ಕ ತಪ್ಪುವುದಿಲ್ಲ. ಸಂಜೆ ಐದರ ಮೇಲೆ ಗಾಬರಿ ಶುರು. "ನಿಮ್ಮಪ್ಪ ಇನ್ನೂ ಬಂದಿಲ್ಲ" ಅಂತ ಗೇಟಿನ ಹತ್ತಿರ ನಿಲ್ಲುತ್ತಾರೆ. ಒಂದು ಸಂಜೆ ಹಾಗೇ ನಡೆದು ರಾಮಕೃಷ್ಣ ಆಶ್ರಮದ ತನಕ ಹೋಗಿಬಿಟ್ಟಿದ್ದರು. ಹೂವು ಮಾರುವವರು ಗುರುತು ಹಿಡಿದು ಕೂರಿಸಿಕೊಂಡಿದ್ದರು.

ಅದಾದ ವಾರಕ್ಕೆ ಅಣ್ಣ ಅವರನ್ನು ಕನಕಪುರ ರಸ್ತೆ ಕಡೆ ಒಂದು ಕೇರ್ ಹೋಮಿಗೆ ಸೇರಿಸಿದ. ನನಗೆ ಹೇಳಿದ್ದು ಸೇರಿಸಿದ ಮೇಲೆ. ನಾಲ್ಕು ತಿಂಗಳು ದಾಟಿತು. ಭಾನುವಾರ ಒಂದು ಗಂಟೆ ನೋಡಲು ಬಿಡುತ್ತಾರೆ. ಹೊರಗೆ ಕರೆದುಕೊಂಡು ಹೋಗುತ್ತೇನೆ ಅಂದರೆ, "ಸೇರಿಸಿದವರು ಬಂದು ಸಹಿ ಹಾಕಬೇಕು ಮೇಡಂ" ಅನ್ನುತ್ತಾರೆ. ಅಮ್ಮ ಪ್ರತಿ ಸಲ ಕೇಳುವುದು ಒಂದೇ. "ಇವತ್ತು ಕಾವೇರಿ ನೀರು ಬರೋ ದಿನ ಅಲ್ವಾ, ಸಂಪ್‌ಗೆ ಬಿಟ್ಟೆಯಾ? ಮನೆಗೆ ಹೋಗೋಣ ನಡಿ."

ಅಣ್ಣ ಕೆಟ್ಟವನಲ್ಲ. ಅತ್ತಿಗೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವನು ಸೋತುಹೋಗಿದ್ದಾನೆ, ಅದು ನನಗೆ ಕಾಣುತ್ತದೆ. ಆದರೆ ಈಗ ಬಿಲ್ಡರ್ ಒಬ್ಬರ ಜೊತೆ ಮಾತಾಡಿ, ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಲು ಅಮ್ಮನಿಂದ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡುವ ಪವರ್ ಆಫ್ ಅಟಾರ್ನಿ, ಬರೆಸಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ತಮ್ಮ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅವನೂ "ಬೇಗ ಪವರ್ ಆಫ್ ಅಟಾರ್ನಿ ಮಾಡಿಸಿ, ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ನೆನಪು ಹೋದ ಮೇಲೂ ನಡೆಯುತ್ತೆ" ಅನ್ನುತ್ತಾನೆ.

ಕಳೆದ ವಾರ ಒಬ್ಬ ವಕೀಲರನ್ನು ನೋಡಿದೆ. ಅವರು ನನ್ನ ಹೆಸರಿನಲ್ಲಿ ವಕಾಲತ್ತಿಗೆ ಸಹಿ ಹಾಕಿಸಿ ಅಣ್ಣನ ಮೇಲೆ ಕೇಸು ಹಾಕೋಣ ಅಂದರು. "ಅಮ್ಮನಿಗೆ ಏನು ಬೇಕು ಅಂತ ಕೋರ್ಟಿಗೆ ಯಾರು ಹೇಳುತ್ತಾರೆ ಸರ್?" ಅಂತ ಕೇಳಿದೆ. "ಮರೆವಿನ ಕಾಯಿಲೆ ಇರೋರ ಮಾತಿಗೆ ಬೆಲೆ ಇರಲ್ಲಮ್ಮ" ಅಂದರು. ಅಂದಿನಿಂದ ನನಗೆ ನಿದ್ದೆ ಬಂದಿಲ್ಲ. ಇಡೀ ಊರಿನ ಮನಿ ಆರ್ಡರ್ ಎಣಿಸಿ ಕೊಟ್ಟವರ ಮಾತಿಗೆ ಈಗ ಬೆಲೆ ಇಲ್ಲವಾ?

ಅಮ್ಮನಿಗೇ ಅಂತ ಒಬ್ಬ ವಕೀಲರನ್ನು ಇಡಲು ಆಗುತ್ತದಾ? ಗೊತ್ತಿರುವವರು ಹೇಳಿ.

ಬನಶಂಕರಿ ಸೆಕೆಂಡ್ ಸ್ಟೇಜ್:

ಮೇಡಂ, ತಡ ಮಾಡಬೇಡಿ. ಅಣ್ಣನಿಗಿಂತ ಮೊದಲು ನೀವೇ ಒಂದು ಜಿಪಿಎ ಬರೆಸಿಕೊಳ್ಳಿ. ಬೆಳಿಗ್ಗೆ ಚೆನ್ನಾಗಿರುತ್ತಾರೆ ಅಂತೀರಲ್ಲ, ಆ ಹೊತ್ತಿಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರೆ ಆಯಿತು. ನಮ್ಮ ಮಾವನವರ ಸೈಟಿಗೆ ನಾವು ಹಾಗೇ ಮಾಡಿದ್ದು.

ಕೆ.ಜಿ. ರೋಡ್ ವಕೀಲೆ:

ಟೀಚರ್, ಮೊದಲು ಒಂದು ಮಾತು. ಬೆಲೆ ಇಲ್ಲ ಅಂದವರ ಮಾತು ತಪ್ಪು. ಕಾನೂನು ಅದಕ್ಕೆ ಉಲ್ಟಾ ಹೇಳುತ್ತದೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಲ್ಲಿ ಮಾನಸಿಕ ಕಾಯಿಲೆ ಅಂದರೆ ಏನು ಎಂದು ಹೇಳುವಾಗ ನೆನಪಿನ ತೊಂದರೆಯನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ಹಾಗಾಗಿ ಅಮ್ಮನಂಥವರಿಗೂ ಈ ಕಾಯ್ದೆಯ ರಕ್ಷಣೆ ಕೇಳಬಹುದು. ಇದರ 3ನೇ ಸೆಕ್ಷನ್ ಪ್ರಕಾರ, ಕಾಯಿಲೆ ಇದೆ ಎಂದು ಡಾಕ್ಟರು ಬರೆದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನ ಇಲ್ಲದವರು ಆಗುವುದಿಲ್ಲ. ಹಾಗೆ ಹೇಳಬೇಕಾದ್ದು ಕೋರ್ಟು. 4ನೇ ಸೆಕ್ಷನ್ ಇನ್ನೂ ಮುಖ್ಯ. ಚಿಕಿತ್ಸೆಯ ವಿಷಯದಲ್ಲಿ ತೀರ್ಮಾನ ಮಾಡುವ ಶಕ್ತಿ ಎಲ್ಲರಿಗೂ ಇದೆ ಎಂದೇ ಅದು ಶುರುವಾಗುತ್ತದೆ. ಅವರಿಗೆ ಗೊತ್ತಿರುವ ಭಾಷೆಯಲ್ಲಿ ಸರಳವಾಗಿ ಹೇಳಬೇಕು. ಮಾತು, ಸನ್ನೆ, ಯಾವುದರಲ್ಲಿ ಉತ್ತರ ಕೊಟ್ಟರೂ ನಡೆಯುತ್ತದೆ. ಅವರ ತೀರ್ಮಾನ ನಮಗೆ ತಪ್ಪು ಅನ್ನಿಸಿತು ಅನ್ನುವ ಒಂದೇ ಕಾರಣಕ್ಕೆ ಅವರಿಗೆ ಶಕ್ತಿ ಇಲ್ಲ ಅನ್ನುವ ಹಾಗಿಲ್ಲ.

ಈಗ ಆ ಕೇರ್ ಹೋಂ. ಅದು ಈ ಕಾಯ್ದೆಯ ಕೆಳಗೆ ರಿಜಿಸ್ಟರ್ ಆದ ಜಾಗವಾ ಅಂತ ಮೊದಲು ನೋಡಿ. ಆಗಿದ್ದರೆ, ಇಂಥ ಸೇರ್ಪಡೆಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ವಿಳಾಸ, ಫೋನ್ ನಂಬರನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಬೇರೆಯವರ ಸಹಿಯ ಮೇಲೆ ಸೇರಿಸಿಕೊಂಡರೆ ಅದು 89ನೇ ಸೆಕ್ಷನ್. ಅದಕ್ಕೆ 30 ದಿನ ಮಾತ್ರ ಅವಕಾಶ. ಹೆಂಗಸರನ್ನು ಸೇರಿಸಿಕೊಂಡರೆ ಮೂರು ದಿನದ ಒಳಗೆ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿದರೆ 90ನೇ ಸೆಕ್ಷನ್. ಇಬ್ಬರು ಮನೋವೈದ್ಯರು ಬೇರೆಬೇರೆಯಾಗಿ ನೋಡಿರಬೇಕು, ಮಂಡಳಿ ಒಪ್ಪಿರಬೇಕು. ಅದೂ ಮೊದಲು 90 ದಿನಕ್ಕೆ, ಆಮೇಲೆ 120, ಆಮೇಲೆ 180. ನಿಮ್ಮ ನಾಲ್ಕು ತಿಂಗಳು ಅಂದರೆ 30ಕ್ಕೆ 90 ಕೂಡಿಸಿ ಮುಗಿಯಿತು. ಆ ಕಾಗದಗಳೆಲ್ಲಾ ಎಲ್ಲಿವೆ ಎಂದು ಕೇಳುವ ಹಕ್ಕು ಅಮ್ಮನಿಗೆ ಇದೆ.

ಕೇಳುವವರು ಯಾರು? ಇದೇ ನಿಮ್ಮ ಪ್ರಶ್ನೆ. ಅಮ್ಮ ಒಂದು ಬಿಳಿ ಹಾಳೆಯ ಮೇಲೆ "ಇವರು ನನ್ನ ಪ್ರತಿನಿಧಿ" ಎಂದು ಬರೆಸಿ ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ. 14ನೇ ಸೆಕ್ಷನ್ ಇದನ್ನು ನಾಮನಿರ್ದೇಶಿತ ಪ್ರತಿನಿಧಿ ಅನ್ನುತ್ತದೆ. ಅಮ್ಮ ಯಾರನ್ನೂ ಹೆಸರಿಸದಿದ್ದಾಗ ಮಾತ್ರ ಸಂಬಂಧಿಕರಿಗೆ ಆ ಜಾಗ ಸಿಗುತ್ತದೆ. ನಿಮ್ಮ ಅಣ್ಣ ಸಹಿ ಹಾಕಿದ್ದು ಹಾಗೆ ಇರಬಹುದು. ಅಮ್ಮ ಹೆಸರು ಹೇಳಿದರೆ ಅವರು ಹೇಳಿದವರೇ. ಯಾವಾಗ ಬೇಕಾದರೂ ಬದಲಾಯಿಸಬಹುದು. ಮಂಡಳಿಗೆ ಅರ್ಜಿ ಹಾಕಲು ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. ಅಲ್ಲಿ ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಅಧ್ಯಕ್ಷರು, ಮನೋವೈದ್ಯರೊಬ್ಬರು ಇರುತ್ತಾರೆ. ಕಾಯಿಲೆ ಅನುಭವಿಸಿದವರಿಗೆ, ಅವರನ್ನು ನೋಡಿಕೊಂಡವರಿಗೆ ಅಥವಾ ಸಂಸ್ಥೆಯವರಿಗೆ ಅಂತಲೂ ಎರಡು ಜಾಗ ಇವೆ. ವಿಚಾರಣೆಗೆ ಅಮ್ಮ ವಕೀಲರನ್ನು ಇಟ್ಟುಕೊಳ್ಳಬಹುದು. ಮಂಡಳಿಯ ತೀರ್ಮಾನ ಸರಿ ಅನ್ನಿಸದಿದ್ದರೆ 30 ದಿನದ ಒಳಗೆ ಹೈಕೋರ್ಟಿಗೆ ಹೋಗಬಹುದು.

ಆ ವಕೀಲರಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. 27ನೇ ಸೆಕ್ಷನ್ ಪ್ರಕಾರ ಅಮ್ಮನಿಗೆ ಉಚಿತ ಕಾನೂನು ನೆರವು ಹಕ್ಕು. ಅದಿಲ್ಲದಿದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ನೆರವು ಇದೆ. ಪಿಂಚಣಿ ಬರುತ್ತೆ, ಮನೆ ಇದೆ ಎಂದು ಯಾರೂ ವಾಪಸ್ ಕಳಿಸುವ ಹಾಗಿಲ್ಲ. ಸಿದ್ದಯ್ಯ ರಸ್ತೆಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುವ ನ್ಯಾಯ ದೇಗುಲಕ್ಕೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಇನ್ನು ಬನಶಂಕರಿಯವರು ಹೇಳಿದ ಜಿಪಿಎ. ಸರ್, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಈ ದಾರಿ ಬೇಡ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಅಲ್ಲಿಗೆ ಮುಗಿಯಿತು. ಬರೆಯುವಾಗಲೇ ಅರ್ಥವಾಗಿರದಿದ್ದರೆ ಅದು ಹುಟ್ಟಲೇ ಇಲ್ಲ. ಲೀಡ್ಸ್‌ನಲ್ಲಿರುವ ತಮ್ಮ ಹೇಳುವುದು ಅಲ್ಲಿನ 2005ರ ಮೆಂಟಲ್ ಕೆಪಾಸಿಟಿ ಆಕ್ಟ್‌ನ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ. ಅದು ನೆನಪು ಹೋದ ಮೇಲೂ ನಡೆಯುವುದು ನಿಜ. ಅಲ್ಲೂ ಅದನ್ನು ಅರ್ಥವಾಗುತ್ತಿರುವಾಗಲೇ ಬರೆದು, ಸರ್ಕಾರದ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಬೇಕು. ಜಗಳ ಬಂದರೆ ಕೋರ್ಟ್ ಆಫ್ ಪ್ರೊಟೆಕ್ಷನ್ ಅಂತ ಬೇರೆ ಕೋರ್ಟೇ ಇದೆ. ಆ ಕಾಗದಕ್ಕೆ ಸಮನಾದದ್ದು ನಮ್ಮಲ್ಲಿ ಇಲ್ಲ. ಇನ್ನೂ ಕಷ್ಟ ಏನೆಂದರೆ, 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ಕೋರ್ಟು ಮ್ಯಾನೇಜರನ್ನು ನೇಮಿಸುವ ದಾರಿ ಇತ್ತು. ಹೊಸ ಕಾಯ್ದೆಯಲ್ಲಿ ಆಸ್ತಿಯ ವಿಷಯವನ್ನೇ ಬಿಟ್ಟಿದ್ದಾರೆ. ನಮ್ಮಂಥ ವಕೀಲರು ದಿನಾ ಎಡವುವುದು ಇದೇ ಗುಂಡಿಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಸೀಮಿತ ಗಾರ್ಡಿಯನ್ ಕೇಳಬಹುದು. ಒಂದು ಕೆಲಸಕ್ಕೆ, ಒಂದು ಅವಧಿಗೆ, ಅವರ ಇಷ್ಟ ಕೇಳಿಕೊಂಡು.

ಕೊನೆಯದು, ಬೇಜಾರು ಮಾಡಿಕೊಳ್ಳಬೇಡಿ. ನಿಮಗೂ ಆ ಮನೆಯಲ್ಲಿ ನಾಳೆ ಪಾಲು ಬರುತ್ತದೆ. ಹಾಗಾಗಿ ನಿಮ್ಮ ವಕೀಲರೇ ಅಮ್ಮನ ವಕೀಲರೂ ಆಗಬಾರದು. ಅಮ್ಮನ ಪರ ಸಿವಿಲ್ ದಾವೆ ಹಾಕುವವರಿಗೆ ಅಮ್ಮನಿಗೆ ವಿರುದ್ಧವಾದ ಸ್ವಂತ ಲಾಭ ಇರಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆರ್ಡರ್ ಹೇಳುತ್ತದೆ. ನಿಮ್ಮ ಅಣ್ಣನ ವಕೀಲರು ಮೊದಲು ಹಿಡಿಯುವುದು ಇದನ್ನೇ.

ವಾರ್ಡಿನ ಸೋಷಿಯಲ್ ವರ್ಕರ್:

ನಾನು ಒಂದು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಕೀಲೆ ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯ ಒಂದೆರಡು ಮಾತು.

ಮರೆವಿನ ಪರೀಕ್ಷೆಯಲ್ಲಿ 30ಕ್ಕೆ ಎಷ್ಟು ಬಂತು ಎಂದು ನೋಡಿ ಜನ ತೀರ್ಮಾನ ಮಾಡಿಬಿಡುತ್ತಾರೆ. ಆ ಅಂಕ ಬೇರೆ, ತೀರ್ಮಾನ ಮಾಡುವ ಶಕ್ತಿ ಬೇರೆ. ಇವತ್ತು ಯಾವ ವಾರ ಎಂದು ಹೇಳಲು ಬರದವರಿಗೂ ಎಲ್ಲಿ ಮಲಗಬೇಕು, ಯಾರ ಕೈಯಡುಗೆ ಬೇಕು ಎಂದು ಸ್ಪಷ್ಟವಾಗಿ ಗೊತ್ತಿರುತ್ತದೆ. ಒಂದೊಂದು ವಿಷಯಕ್ಕೂ ಬೇರೆಬೇರೆಯಾಗಿ ಕೇಳಬೇಕು. ಮನೆಗೆ ಹೋಗಬೇಕಾ ಅನ್ನುವುದು ಒಂದು ಪ್ರಶ್ನೆ. ಮನೆ ಒಡೆದು ಬಿಲ್ಡರಿಗೆ ಕೊಟ್ಟರೆ ಏನಾಗುತ್ತದೆ ಅನ್ನುವುದು ಬೇರೆ, ಅದು ಕಷ್ಟದ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೆ ಕೊಡಲಾಗದೆ ಇರಬಹುದು.

ಡಾಕ್ಟರು ನೋಡುವ ದಿನ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ. ತಿಂಡಿ ಆಗಿರಲಿ. ಕನ್ನಡಕ ಒರೆಸಿ ಹಾಕಿ. ಕಿವಿ ಮಷೀನ್ ಇದ್ದರೆ ಬ್ಯಾಟರಿ ನೋಡಿ. ಸುಮ್ನೆ ಹೇಳುತ್ತಿಲ್ಲ. ಕಿವಿ ಕೇಳದೆ ಇದ್ದದ್ದಕ್ಕೆ "ಉತ್ತರಿಸುತ್ತಿಲ್ಲ" ಎಂದು ಬರೆದ ಫೈಲುಗಳನ್ನು ನಾನು ನೋಡಿದ್ದೇನೆ. ಕನ್ನಡದಲ್ಲೇ ಕೇಳಲಿ ಎಂದು ಹಟ ಹಿಡಿಯಿರಿ.

ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ಅಮ್ಮ ಹೇಳಿದ ಮಾತು ಹೇಗಿತ್ತೋ ಹಾಗೇ ಬರೆಯಿರಿ. ನೀವು ತಿದ್ದಬೇಡಿ. ಅವರು ನಿಮಗೆ ಇಷ್ಟವಾಗದ್ದು ಹೇಳಿದರೆ ಅದನ್ನೂ ಬರೆಯಿರಿ. ಯಾರು ಭೇಟಿಗೆ ಬರಬಹುದು, ಯಾರು ಬರಬಾರದು ಎಂದು ಹೇಳುವ ಹಕ್ಕು 26ನೇ ಸೆಕ್ಷನ್ನಿನಲ್ಲಿ ಅಮ್ಮನಿಗೆ ಇದೆ. ಚಿಕಿತ್ಸೆಯ ದಾಖಲೆ ಕೇಳುವ ಹಕ್ಕೂ ಇದೆ.

ಅಣ್ಣನ ಜೊತೆ ಮಾತು ಬಿಡಬೇಡಿ. ನಿಮ್ಮ ಪೋಸ್ಟು ಓದಿದರೆ ಅವರೂ ಕುಸಿಯುತ್ತಿದ್ದಾರೆ ಅನ್ನಿಸುತ್ತದೆ. ಅವರಿಗೆ ಬೇಕಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಜಯನಗರ ಫೋರ್ತ್ ಬ್ಲಾಕ್:

ನನ್ನ ಯಜಮಾನರಿಗೆ ಸ್ಟ್ರೋಕ್ ಆಗಿ ಮಾತು ನಿಂತಿತ್ತು. ಅವರ ಅಣ್ಣಂದಿರು ಅಂಗಡಿ ಮಳಿಗೆ ಮಾರಬೇಕು ಅಂದರು. ನಾನು ಬೇಡ ಅಂದೆ. ನಾವೆಲ್ಲಾ ಅವರ ಮಂಚದ ಸುತ್ತ ನಿಂತು ಅವರ ಪರವಾಗಿ ಮಾತಾಡಿದ್ದೇ ಮಾತಾಡಿದ್ದು.

ಕಾನೂನು ನೆರವಿನಿಂದ ಒಬ್ಬ ಹುಡುಗಿ ವಕೀಲೆ ಬಂದಳು. ಇಪ್ಪತ್ತೆಂಟು ವರ್ಷ ಇರಬಹುದು. ನಮ್ಮನ್ನೆಲ್ಲಾ ಹೊರಗೆ ಕಳಿಸಿದಳು. ನನಗೆ ಸಿಟ್ಟು ಬಂತು. ನಲವತ್ತು ವರ್ಷ ಬಾಳಿದವಳು ನಾನು, ನನ್ನನ್ನೇ ಹೊರಗೆ ಕಳಿಸೋದಾ ಅಂತ. ಮುಕ್ಕಾಲು ಗಂಟೆ ಆದ ಮೇಲೆ ಬಂದಳು. ಹೌದು ಅಂದರೆ ಕಣ್ಣು ಮುಚ್ಚಿ, ಇಲ್ಲ ಅಂದರೆ ಬೆರಳು ಎತ್ತಿ ಎಂದು ಹೇಳಿಕೊಟ್ಟು ಒಂದೊಂದೇ ಕೇಳಿದ್ದಳು. ಅದೇ ಪ್ರಶ್ನೆ ತಿರುಗಿಸಿಯೂ ಕೇಳಿದ್ದಳು. ಅವರಿಗೆ ಮಳಿಗೆ ಮಾರಬೇಕಿತ್ತು! ಆ ದುಡ್ಡಿನಲ್ಲಿ ನನ್ನ ಹೆಸರಿಗೆ ಎಫ್‌ಡಿ ಇಡಬೇಕಿತ್ತು. ನಾನು ಅವರ ಪರ ಅಂದುಕೊಂಡು ಅವರ ಇಷ್ಟಕ್ಕೇ ಅಡ್ಡ ನಿಂತಿದ್ದೆ.

ಟೀಚರಮ್ಮ, ಅಮ್ಮನಿಗೆ ವಕೀಲರನ್ನು ಇಡಿ. ಅವರು ನಿಮ್ಮನ್ನು ಹೊರಗೆ ಕಳಿಸಿದರೆ ಎದ್ದು ಹೋಗಿ.

ವಿಜಯನಗರದ ಟೀಚರ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ವಕೀಲೆ ಮೇಡಂ, ಒಂದು ಪ್ರಶ್ನೆ. ಅಷ್ಟರಲ್ಲಿ ಅಣ್ಣ ಜಿಪಿಎ ಮಾಡಿಸಿಬಿಟ್ಟರೆ? ಬಸವನಗುಡಿ ಸಬ್ ರಿಜಿಸ್ಟ್ರಾರಿಗೆ ಒಂದು ಪತ್ರ ಕೊಡಲಾ?

ಕೆ.ಜಿ. ರೋಡ್ ವಕೀಲೆ:

ಅಲ್ಲಿ ಮಾತ್ರ ಕೊಟ್ಟರೆ ಸಾಲದು. ಬೆಂಗಳೂರಿನಲ್ಲಿ ಬೇರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಮಾಡಿಸಬಹುದು. ಜಿಲ್ಲಾ ನೋಂದಣಾಧಿಕಾರಿಗೂ ಒಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಬರೆದುಕೊಡುವವರಿಗೆ ಬುದ್ಧಿ ಸ್ವಾಧೀನ ಇಲ್ಲ ಎಂದು ಕಂಡರೆ ನೋಂದಣಿ ಮಾಡಬಾರದು ಎಂದು ನೋಂದಣಿ ಕಾಯ್ದೆಯ 35ನೇ ಸೆಕ್ಷನ್ನಿನಲ್ಲಿದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಆಗಾಗ ಇಸಿ, ಅಂದರೆ ಮನೆಯ ಮೇಲಿನ ವ್ಯವಹಾರಗಳ ಪಟ್ಟಿ, ತೆಗೆದು ನೋಡಿ.

ಆದರೆ ಪತ್ರದಲ್ಲಿ "ಅಮ್ಮನಿಗೆ ಏನೂ ಗೊತ್ತಾಗಲ್ಲ" ಎಂದು ಮಾತ್ರ ಬರೆಯಬೇಡಿ. ನಾಳೆ ಮಂಡಳಿಯ ಮುಂದೆ ಅದೇ ಸಾಲನ್ನು ನಿಮಗೆ ಓದಿ ತೋರಿಸುತ್ತಾರೆ. ಕಾಯಿಲೆ ಇದೆ, ಆಸ್ತಿಯ ಕಾಗದ ಮಾಡುವ ಮೊದಲು ಅವರನ್ನು ಒಬ್ಬರನ್ನೇ ಕೂರಿಸಿ ಕೇಳಿ. ಇಷ್ಟು ಬರೆದರೆ ಸಾಕು.

ವಿಜಯನಗರದ ಟೀಚರ್:

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ನ್ಯಾಯ ದೇಗುಲಕ್ಕೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಆಧಾರ್ ಜೆರಾಕ್ಸ್ ಮರೆತಿದ್ದೆ. ಆಮೇಲೆ ಅಮ್ಮನಿಗೆ ಅಂತಲೇ ಒಬ್ಬ ವಕೀಲರನ್ನು ಕೊಟ್ಟರು. ಒಂದು ಭಾನುವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋದೆ. ಕೇರ್ ಹೋಮಿನ ರಿಸೆಪ್ಷನ್ನಿನಲ್ಲಿ ಮಂಡಳಿಯ ವಿಳಾಸದ ಬೋರ್ಡು ಇತ್ತು. ಇಷ್ಟು ದಿನ ಅದರ ಮುಂದೆ ದೊಡ್ಡ ಹೂದಾನಿ ಇಟ್ಟಿದ್ದರಿಂದ ನಾನು ನೋಡಿರಲಿಲ್ಲ. ವಕೀಲರು 30 ದಿನದ ನಂತರದ ಕಾಗದ ಕೇಳಿದರು. "ತೆಗೆದು ಇಡುತ್ತೇವೆ ಸರ್" ಅಂದರು. ಇನ್ನೂ ತೆಗೆದು ಇಟ್ಟಿಲ್ಲ.

ವಕೀಲರು ನನ್ನನ್ನು ಹೊರಗೆ ಕಳಿಸಿದರು. ಜಯನಗರದ ಅಮ್ಮ, ನಿಮ್ಮ ಮಾತು ನೆನಪಾಗಿ ಎದ್ದು ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ಅಮ್ಮನ ನಗು ಕೇಳಿಸಿತು. ತುಂಬಾ ದಿನ ಆಗಿತ್ತು.

ಅಮ್ಮನ ಮಾತನ್ನು ಅವರು ಇದ್ದ ಹಾಗೇ ಬರೆದುಕೊಂಡಿದ್ದಾರೆ. ಅಮ್ಮ ನನ್ನನ್ನೇ ಪ್ರತಿನಿಧಿ ಎಂದು ಹೇಳಿ, ಹಾಳೆಯ ಮೇಲೆ ಸಹಿ ಹಾಕಿದ್ದಾರೆ. ಪೋಸ್ಟಾಫೀಸಿನ ಅದೇ ಓರೆ ಸಹಿ. ಜೊತೆಗೆ "ದೊಡ್ಡವನಿಗೆ ಹೇಳದೆ ಏನೂ ಮಾಡಬಾರದು" ಎಂದೂ ಬರೆಸಿದ್ದಾರೆ. ನನ್ನ ಮನೆಗೆ ಬರುವುದಿಲ್ಲವಂತೆ. ನಾನು ರೂಮಿಗೆ ಬಣ್ಣ ಹೊಡೆಸಿ, ಬಾತ್‌ರೂಮಿಗೆ ಹಿಡಿಕೆ ಹಾಕಿಸಿ ಕಾಯುತ್ತಿದ್ದೆ. "ಅವಳದು ಮೂರನೇ ಮಹಡಿ, ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ನಾನು ಹನುಮಂತನಗರದಲ್ಲೇ ಇರ್ತೀನಿ. ಸಂಜೆ ಹೊತ್ತು ಭಯ ಆಗುತ್ತೆ, ಆಗ ಒಬ್ಬರು ಇದ್ದರೆ ಸಾಕು" ಅಂದಿದ್ದಾರೆ. ತನಗೆ ಸಂಜೆ ಭಯ ಆಗುತ್ತೆ ಅನ್ನುವುದು ಅಮ್ಮನಿಗೆ ಗೊತ್ತಿತ್ತು. ನಾಲ್ಕು ತಿಂಗಳಲ್ಲಿ ನಾವು ಮೂವರು ಮಕ್ಕಳೂ ಅದನ್ನು ಅವರಿಂದ ಕೇಳಿರಲಿಲ್ಲ.

ಬಿಲ್ಡರ್ ವಿಷಯಕ್ಕೆ ಅಮ್ಮ ಗೊಂದಲವಾಗಿ ಉತ್ತರ ಕೊಟ್ಟರಂತೆ. ಒಮ್ಮೆ ಬೇಡ ಅಂದರು, ಒಮ್ಮೆ ನಿಮ್ಮಪ್ಪನನ್ನು ಕೇಳಿ ಅಂದರು. ಹಾಗಾಗಿ ಅದನ್ನು ಯಾರೂ ಮುಟ್ಟಬಾರದು ಎಂದು ವಕೀಲರು ಅಣ್ಣನಿಗೂ ನನಗೂ ಒಟ್ಟಿಗೆ ಹೇಳಿದರು. ಅಣ್ಣನಿಗೆ ಆ ಹಾಳೆಯ ಫೋಟೋ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಜಿಪಿಎ ಮಾತು ಎತ್ತಲಿಲ್ಲ. "ದೊಡ್ಡವನಿಗೆ ಹೇಳದೆ ಅಂತ ಅವಳೇ ಬರೆಸಿದ್ದಾ?" ಎಂದು ಎರಡು ಸಲ ಕೇಳಿದ.

ಮಂಡಳಿಗೆ ಅರ್ಜಿ ಹೋಗಿದೆ. ಅಷ್ಟರೊಳಗೆ ಮನೆ ರೆಡಿ ಮಾಡಬೇಕು. ಹನುಮಂತನಗರದಲ್ಲಿ ಸಂಜೆ ನಾಲ್ಕರಿಂದ ಒಂಬತ್ತರ ತನಕ ಅಮ್ಮನ ಜೊತೆ ಇರಲು ಒಬ್ಬರು ಬೇಕು. ಕನ್ನಡ ಚೆನ್ನಾಗಿ ಬರಬೇಕು, ಗೇಟಿನ ಹತ್ತಿರ ಅಮ್ಮನ ಜೊತೆ ನಿಲ್ಲುವ ತಾಳ್ಮೆ ಇರಬೇಕು. ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.